ಗೇಟಿಗೆ ನೇತುಬಿದ್ದ ಚಿಪ್ಪು

ಅಲ್ಲಾ ಸ್ವಾಮಿ, ಊರಲ್ಲಿ ಇಷ್ಟೊಂದು ಜನ ಇದ್ದಾರೆ. ಮಾನ ಹೋಗೋ ಪ್ರಸಂಗಗಳೆಲ್ಲ ವಿಳಾಸ ಕೇಳಿಕೊಂಡು ನನ್ನ ಮನೆಗೇ ಯಾಕೆ ಬರ್ತವೆ? ಗದ್ದೆ ಉತ್ತುಕೊಂಡು ತೆಪ್ಪಗಿದ್ದವನು ನಾನು. ಬಿಳಿಕೆರೆಯಿಂದ ಒಳಗೆ, ಹಿನ್ನೀರಿನ ಅಂಚಿಗೆ ನಮ್ಮ ಜಮೀನು. ಪಕ್ಕದ ತೋಟ ಕೊಂಡ ನೌಕಾಪಡೆಯ ನಿವೃತ್ತ ಅಧಿಕಾರಿಯೊಬ್ಬರು ಹಾಯಿ ಕಟ್ಟಿದ ಪುಟ್ಟ ದೋಣಿಗಳನ್ನು ತಂದು ನೀರಿಗೆ ಬಿಟ್ಟರು. "ವಾರಕ್ಕೊಂದು ಸಂಜೆ ರೇಸ್ ಮಾಡೋಣ ಕಣ್ರೀ, ಸುಮ್ಮನೆ ತಮಾಷೆಗೆ" ಅಂದರು. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಹಾಕೋದಿಲ್ಲ, ಕೈ ಖಾಲಿ. ಹಾಗಾಗಿ ಸೋಮವಾರ ಸಂಜೆ ಅಂತಾಯ್ತು. ಎತ್ತಿಗೆ ರಜಾ, ನನಗೆ ಸಜಾ.

ತಮಾಷೆ ಅಂದವರೇ ಒಂದು ಕಾನೂನನ್ನೂ ಮಾಡಿದರು. ಕೊನೆಗೆ ಬಂದವನ ಮನೆ ಗೇಟಿಗೆ ಮುಂದಿನ ರೇಸಿನ ತನಕ ತೆಂಗಿನ ಚಿಪ್ಪು ನೇತುಹಾಕಬೇಕು. ಸೋತವನಿಗೆ ಚಿಪ್ಪು! ನೌಕಾಪಡೆಯವರು, ಶಾಲೆ ಮೇಷ್ಟ್ರು, ನಾನು, ಮೂರೇ ಜನ ಆಡೋದು. ಆ ಚಿಪ್ಪು ಆಷಾಢ ಹುಟ್ಟಿದಾಗಿನಿಂದ ನನ್ನ ಗೇಟು ಬಿಟ್ಟು ಅಲ್ಲಾಡಿಲ್ಲ. ಹಾಲಿನವನು ಕೂಡ ಈಗ ನಮ್ಮದನ್ನ ಚಿಪ್ಪಿನ ಮನೆ ಅಂತಾನೆ.

ಬೆದರಿದ ದೋಣಿ

ದೋಣಿ ತಿರುಗಿಸೋಕೆ ಹಿಂದುಗಡೆ ಒಂದು ಹಿಡಿಕೆ. ಅದನ್ನ ಬಲಕ್ಕೆ ಎಳೆದರೆ ದೋಣಿ ಎಡಕ್ಕೆ ಹೋಗುತ್ತೆ! ಇದ್ಯಾವ ಊರಿನ ನ್ಯಾಯ? ಬುದ್ಧಿ ಬಂದಾಗಿನಿಂದ ಎತ್ತು ಹೊಡೆದವನು ನಾನು. ಬಲಗಡೆ ಹಗ್ಗ ಜಗ್ಗಿದರೆ ಬಲಕ್ಕೆ ತಾನೇ ತಿರುಗಬೇಕು?

ಮೊದಲ ದಿನವೇ ಪಂಚೆ ಕಿತ್ತುಕೊಂಡು ಹೋಗೋ ಹಾಗೆ ಗಾಳಿ. ಎಡಗಡೆ ಯಾರೋ ಮೀನಿಗೆ ಬಲೆ ಬಿಟ್ಟಿದ್ದರು. ತಪ್ಪಿಸೋಣ ಅಂತ ಬಲಕ್ಕೆ ಜಗ್ಗಿದೆ. ದೋಣಿ ಸೀದಾ ಬಲೆ ಕಡೆಗೇ ನುಗ್ಗಿತು. "ಹೋ! ಹೋ! ನಿಂತ್ಕೊಳೋ!" ಅಂತ ದೋಣಿಗೆ ಕೂಗಿದೆ.

"ಹಾಯಿ ಹಗ್ಗ ಸಡಿಲ ಬಿಡ್ರೀ! ಗಾಳಿ ಚೆಲ್ಲಿಹೋಗುತ್ತೆ!" ಅಂತ ನೌಕಾಪಡೆಯವರು ದೂರದಿಂದ ಅರಚಿದರು.

ಬಿಡೋದೇ? ಬೆದರಿದ ಎತ್ತಿನ ಹಗ್ಗ ಯಾರಾದರೂ ಬಿಡ್ತಾರೇನ್ರೀ? ಇನ್ನೂ ಬಿಗಿಯಾಗಿ ಹಿಡಿದೆ. ದೋಣಿ ಮಗುಚಿತು. ಬಲೆಯವನು ಮೀನಿನ ಜೊತೆ ನನ್ನನ್ನೂ ತೆಪ್ಪಕ್ಕೆ ಎಳೆದುಕೊಂಡು, ಮುಖ ಗಂಟು ಹಾಕಿ ಹೇಳಿದ: "ಅಣ್ಣೋ, ಬರೋ ವಾರ ದೋಣಿಗೆ ಮೂಗುದಾರ ಆಕುಸ್ಕಂಡು ಬಾ."

ಹಾಯಿ ಅಂದ್ರೆ ಯಾರು?

ಆಮೇಲೆ ಮನೆಯಲ್ಲೇ ಅಭ್ಯಾಸ ಮಾಡಿದೆ. ಜಗುಲಿ ಮೇಲೆ ಭತ್ತದ ಮೂಟೆ ಹತ್ತಿ ಕೂತು, ಗುದ್ದಲಿ ಕಾವು ಹಿಡ್ಕೊಂಡು, ಹಿಂದಕ್ಕೆ ವಾಲಿ, "ಗಾಳಿ ಹಿಡೀತು! ಹಿಡೀತು! ಬುಡು, ಬುಡು!" ಅಂತಿದ್ದೆ. ತಪ್ಪೇನು ಇದರಲ್ಲಿ? ಎದುರುಮನೆ ಅಜ್ಜಿ ನೋಡಿದಳು. ಸೀದಾ ನನ್ನ ಹೆಂಡತಿ ಹತ್ತಿರ ಹೋಗಿ, "ನಿನ್ ಗಂಡುಂಗೆ ಗಾಳಿ ಮೆಟ್ಕಂಡದೆ ಕಣವ್ವ" ಅಂದಳಂತೆ.

ಬೆಳಗ್ಗೆ ಎದ್ದರೆ ಅಜ್ಜಿ ಬೇವಿನ ಸೊಪ್ಪು, ಕರಿದಾರ ಹಿಡ್ಕೊಂಡು ಬಾಗಿಲಲ್ಲಿ! ಇವಳೋ, ಬೇಡ ಅನ್ನೋದು ಬಿಟ್ಟು ಅಜ್ಜಿಗೆ ಮಣೆ ಹಾಕಿದಳು. ನನಗೆ ಮೈಯೆಲ್ಲಾ ಉರಿದುಹೋಯ್ತು.

"ಅಜ್ಜೀ, ಗಾಳಿ ಹಿಡಿದಿರೋದು ನನಗಲ್ಲ ಕಣೆ, ಹಾಯಿಗೆ!"

ಅಜ್ಜಿ ಸೊಪ್ಪು ಬೀಸೋದು ನಿಲ್ಲಿಸಿ ನನ್ನ ಹೆಂಡತಿ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಆಯಿ ಅಂದ್ರೆ ಯಾರ್ಲಾ? ಎಲ್ ಸತ್ಳು ಅವ್ಳು?"

ಬೀಗರ ಮರ್ಯಾದೆ

ಮದುವೆಯಾದ ಮೊದಲ ಆಷಾಢ ಅಂತ ಮಗಳು ನಮ್ಮಲ್ಲೇ ಇದ್ದಳು. ಒಂದು ದಿನ ಮುಖ ಸಣ್ಣ ಮಾಡ್ಕೊಂಡು ಬಂದಳು. "ಅಪ್ಪಾ, ನಮ್ಮ ಮಾವ ಸೋಮವಾರ ಸಂಜೆಗೆ ಬತ್ತಾರಂತೆ. ಗೇಟಲ್ಲಿ ಆ ಚಿಪ್ಪು ನೋಡಿದ್ರೆ ನಂಗೆ ಆ ಮನೇಲಿ ಏನು ಬೆಲೆ ಇರ್ತದೆ? ಅವತ್ತು ಒಂದ್ಸಲ ಮೇಷ್ಟ್ರುನ್ನ ಸೋಲಿಸಪ್ಪ, ಸಾಕು."

ಮಗಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸೋಮವಾರ ಪ್ರಾಣ ಒತ್ತೆ ಇಟ್ಟು ಇಳಿದೆ. ಅಷ್ಟರಲ್ಲಿ ಬೀಗರು ಮನೆಗೆ ಹೋಗದೆ ನೇರ ದಡಕ್ಕೇ ಬಂದರು. ಚುಂಚನಕಟ್ಟೆ ಕಡೆಯವರು. "ಒಳೆ ನೀರು ಕುಡ್ದು ಬೆಳ್ದೋರು ನಾವು" ಅಂತ ಮಿಕ್ಕಿದ್ದ ದೋಣಿ ಹತ್ತಿಯೇಬಿಟ್ಟರು.

ಅವತ್ತಿನ ಗಾಳಿ ಕೇಳಬೇಡಿ. ಆದರೆ ನಾನೂ ಕಲಿತಿದ್ದೆ. ನೀರು ಕಪ್ಪಗಾದ ಕಡೆ ಜೋರು ಗಾಳಿ ಬರ್ತಿದೆ ಅಂತ ನೋಡ್ಕೊಂಡು, ಹಗ್ಗ ಸಡಿಲಿಸಿ, ಅಂಕುಡೊಂಕಾಗಿ ಗಾಳಿಗೆ ಎದುರು ಹತ್ತಿದೆ. ನೌಕಾಪಡೆಯವರು ಆಗಲೇ ದಡ ಮುಟ್ಟಿದ್ದರು. ಮೇಷ್ಟ್ರು ನನ್ನ ಹಿಂದೆ! ದಡದಲ್ಲಿ ಮಗಳು ಕುಣೀತಿದ್ದಾಳೆ.

ಆಗ ಎಡಗಡೆಯಿಂದ ನನಗೆ ಅಡ್ಡಲಾಗಿ ಬೀಗರ ದೋಣಿ ಬಂತು. ಬಲಗಡೆಯಿಂದ ಗಾಳಿ ಬೀಳೋ ದೋಣಿಗೇ ಮೊದಲ ದಾರಿ, ಅದು ಕಾನೂನು. ಗಾಳಿ ನನ್ನ ಬಲಕ್ಕೆ. "ದಾರಿ!" ಅಂತ ಕೂಗಿದ್ದರೆ ಸಾಕಿತ್ತು. ಆದರೆ ನೀವೇ ಹೇಳಿ, ಹೆಣ್ಣು ಕೊಟ್ಟವನು ಬೀಗರಿಗೆ ದಾರಿ ಬಿಡು ಅಂತ ಕೂಗೋಕಾಗುತ್ತಾ? ಬಾಯಿಗೆ ಬಂದದ್ದು, "ನೀವೇ ಮೊದ್ಲು ಹೋಗಿ ಬೀಗ್ರೇ."

ಇದಕ್ಕೊಂದು ಪದ್ಧತಿ ಇದೆಯಲ್ಲ! ಅವರು "ಛೇ ಛೇ, ನೀವು ಹೋಗಿ" ಅನ್ನಬೇಕು. ನಾನು "ಎಲ್ಲಾದ್ರೂ ಉಂಟಾ" ಅನ್ನಬೇಕು. ಅವರು ಮತ್ತೆ ಒತ್ತಾಯ ಮಾಡಬೇಕು, ನಾನು ನಾಚಿಕೊಂಡು ಹೋಗಬೇಕು. ಊಟದ ಎಲೆ ಮುಂದೆ ಕೂರೋಕೂ ನಾವು ಹಾಗೇ ಅಲ್ಲವಾ ಮಾಡೋದು?

ಬೀಗರು "ಆಯ್ತು ಬೀಗ್ರೇ" ಅಂದರು. ಹೋಗೇಬಿಟ್ಟರು!

ಹೋದವರು ಸುಮ್ಮನೆ ಹೋದರಾ? ತಿರುಗಿಸ್ಕೊಂಡು ಬಂದು ಸರಿಯಾಗಿ ನನಗೆ ಗಾಳಿ ಬರೋ ಕಡೆಗೇ ಅಡ್ಡ ಬಂದರು. ನನ್ನ ಹಾಯಿ ಒದ್ದೆ ಟವಲಿನ ಹಾಗೆ ಜೋತುಬಿತ್ತು. ಮೇಷ್ಟ್ರು ಪಕ್ಕದಲ್ಲೇ, ಕೈ ಬೀಸಿಕೊಂಡು ದಾಟಿದರು.

ಕತ್ತಲಾಗೋ ಹೊತ್ತಿಗೆ ಬೀಗರು ಗೇಟಿನ ಹತ್ತಿರ ನಿಂತು, "ಓಹೋ, ಇದೇನಾ ಆ ಚಿಪ್ಪು?" ಅಂತ ವಾಲಿದ್ದನ್ನ ತಮ್ಮ ಕೈಯಾರೆ ನೆಟ್ಟಗೆ ಮಾಡಿದರು. ಮಗಳು ಒಳಗೆ ಹೋದವಳು ಈಚೆಗೆ ಬರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿ, "ನೋಡಿದ್ಯಾ ಅನ್ಯಾಯಾನ?" ಅಂದೆ.

ಅವಳು ಮುದ್ದೆ ತಿರುವೋದು ನಿಲ್ಲಿಸಲಿಲ್ಲ. "ಹುಡುಗೀನೂ ಕೊಟ್ರಿ, ಉಂಗುರಾನೂ ಕೊಟ್ರಿ. ನಮ್ದು ಅಂತ ಉಳ್ದಿದ್ದು ಒಂದು ಗಾಳಿ. ಅದನ್ನೂ ಕೊಟ್ಬುಟ್ಟು ಬಂದ್ರಾ?"