ಹಿಮದಲ್ಲೂ ಜಾರದ ಕಾರಿಗೆ, ಗೇಟಿನ ಹೊರಗಿನವರಿಂದ

ಟಿಪ್ಟನ್, ಇಂಗ್ಲೆಂಡ್, ಜನವರಿ 1969

ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಮಹಾಮಾನ್ಯ ಕಾರಿನವರೇ,

ಅನಂತ ನಮಸ್ಕಾರಗಳು. ತಮ್ಮ ಆಸನಗಳ ಚರ್ಮ ಹೊಲಿದ ಕೈಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ; ಅಕ್ಷರ ಸೊಟ್ಟಗಿದ್ದರೆ ಗೇಟಿನ ಹೊರಗಿನ ಚಳಿಯನ್ನು ಬೈಯಿರಿ. ತಮ್ಮಷ್ಟು ನ್ಯಾಯವಂತರನ್ನು ಈ ಕಾರ್ಖಾನೆಯಲ್ಲಿ ಬೇರೆ ಕಂಡಿಲ್ಲ. ನೂರು ಪಾಲು ಶಕ್ತಿಯಲ್ಲಿ ಮುಂದಿನ ಚಕ್ರಗಳಿಗೆ ಮೂವತ್ತೇಳನ್ನಷ್ಟೇ ಕೊಟ್ಟು ಉಳಿದದ್ದನ್ನೆಲ್ಲ ಹಿಂದಿನವರಿಗೆ ಬಿಡುತ್ತೀರಿ. ನಮ್ಮ ಆಡಳಿತ ಮಂಡಳಿಗೆ ಇಂಥ ಹಂಚಿಕೆ ಕನಸಿನಲ್ಲೂ ಹೊಳೆದಿಲ್ಲ. ಜಾರುವ ನೆಲದಲ್ಲಿ ಬ್ರೇಕ್ ಒತ್ತಿದರೆ, ಚಕ್ರ ಜಾರದಂತೆ ತಾನೇ ಬಿಟ್ಟುಬಿಟ್ಟು ಹಿಡಿಯುವ ತಮ್ಮ ಪೆಡಲ್ ತುಳಿದವನ ಕಾಲನ್ನೇ ತಿರುಗಿ ಒದೆಯುತ್ತದೆ. ತುಳಿದವರನ್ನು ಒದ್ದೂ ಕೆಲಸ ಉಳಿಸಿಕೊಂಡವರು ಇಲ್ಲಿ ತಾವೊಬ್ಬರೇ.

ನೋವಾ ಟ್ರೋಮನ್ಸ್‌ಗೆ ಆ ಭಾಗ್ಯವಿರಲಿಲ್ಲ. ಇಪ್ಪತ್ತೆಂಟು ವರ್ಷ ತಗಡು ಬಡಿದು, ತಮ್ಮ ಮೈಯ ಒಂದೊಂದು ಬಾಗನ್ನೂ ಅಂಗೈಯಿಂದ ಸವರಿ ಸರಿಮಾಡಿದವನ ಕಿವಿ ಆ ಬಡಿತದಲ್ಲೇ ಹೋಯಿತು. ಸೈರನ್ ಕೇಳಿಸಿಕೊಳ್ಳಲಿಲ್ಲವೆಂದು ಮ್ಯಾನೇಜರ್ ಪೆಂಬರ್ಟನ್ ಅವನನ್ನು ಹೊರಹಾಕಿದ. ಅವನನ್ನು ವಾಪಸ್ ತೆಗೆದುಕೊಳ್ಳುವವರೆಗೆ ಒಳಗೆ ಕಾಲಿಡುವುದಿಲ್ಲವೆಂದು ನಾವು ಅರವತ್ತು ಮಂದಿ ಗೇಟಿನಲ್ಲಿ ನಿಂತು ಇಂದಿಗೆ ಒಂಬತ್ತು ದಿನ.

ಮಂಗಳವಾರ ಹಿಮ ಬಿತ್ತು. ಗೇಟಿಗೆ ಬರುವ ಇಳಿಜಾರು ಗಾಜಿನಂತಾಯಿತು. ಕಾಲು ಜಾರದಂತೆ ಬೂದಿ ಚೆಲ್ಲೋಣವೆಂದು ಯಾರೋ ಅಂದಾಗ ನಮ್ಮ ಸಂಘದ ಹೊರೇಸ್ ಫೆಲೋಸ್, "ಸುಮ್ನಿರ‍್ರೋ, ಇವತ್ತು ಹಿಮಾನೂ ನಮ್ ಯೂನಿಯನ್ನೇ! ಯಾವ ಸಾಹೇಬನೂ ಗಾಡಿ ಇಳಿಸಲ್ಲ" ಎಂದು ಚಹಾ ಹೀರಿದ. ಹಿಮದಲ್ಲಿ ಜಾರದ ಕಾರನ್ನು ಕಟ್ಟಿದ ಅರವತ್ತು ಜನ, ಕಟ್ಟಿದವರು ನಾವೇ ಎಂಬುದನ್ನು ಮರೆತು ನಕ್ಕೆವು.

ಆಗ ತಾವು ಪೆಂಬರ್ಟನ್ನನನ್ನು ಹೊತ್ತು, ಮೆರವಣಿಗೆಯ ಗತ್ತಿನಲ್ಲಿ ಇಳಿದು ಬಂದಿರಿ. ನಾವು ಚೆದುರಿದೆವು. ನೋವಾ ಮಾತ್ರ ತಮಗೆ ಬೆನ್ನು ಹಾಕಿ ಬೆಂಕಿಯ ಡಬ್ಬಕ್ಕೆ ಕಲ್ಲಿದ್ದಲು ಸುರಿಯುತ್ತಿದ್ದ. "ಲೋ ನೋವಾ, ಹಿಂದೆ ನೋಡೋ!" ಎಂದು ನಾವು ಕಿರುಚಿದ್ದು ಯಾರಿಗೆ ಕೇಳಬೇಕು? ಅವನ ಕೋಟಿಗೆ ಒಂದು ಗೇಣು ಉಳಿದಿರುವಾಗ ತಾವು ಕೂದಲೆಳೆಯಷ್ಟೂ ಜಾರದೆ ನಿಂತಿರಿ.

ಇಳಿದ ಪೆಂಬರ್ಟನ್ ಮೊದಲು ನೋಡಿದ್ದು ತಮ್ಮ ಬಂಪರನ್ನು. "ನೋಡಿದ್ರೇನ್ರಯ್ಯಾ, ಎಂಥಾ ಗಾಡಿ!" ಎಂದ. ನನ್ನ ಬಾಯಿ ಸುಮ್ಮನಿರಲಿಲ್ಲ: "ನಮಗೇನ್ ತೋರಿಸ್ತೀಯಪ್ಪಾ? ಮಾಡಿದೋರಿಗೇ ತೋರಿಸ್ತೀಯಾ?" ನೋವಾ ತಿರುಗಿ, ತಮ್ಮ ಮಡ್‌ಗಾರ್ಡಿನ ಹಿಮವನ್ನು ತೋಳಿನಿಂದ ಒರೆಸಿ, "ಈ ಬಾಗು ನಂದೇ ಕಣೇ ಬ್ಯೂಲಾ" ಎಂದು ನನಗೆ ಹೇಳಿದ. "ಬಣ್ಣ ಮುಟ್ಬೇಡ!" ಎಂದು ಗದರಿ ಪೆಂಬರ್ಟನ್ ಒಳಗೆ ಹೋದ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ನೋವಾ ಒಳಗೆ ಹೋಗುವವರೆಗೆ ತಾವೂ ಮುಷ್ಕರ ಹೂಡಬೇಕು. ನಾಲ್ಕು ಚಕ್ರಗಳೂ ನಾಲ್ಕು ದಿಕ್ಕಿಗೆ ಹೊರಡಲಿ. ಅದಾಗದಿದ್ದರೆ ಮ್ಯಾನೇಜರ್ ಕುರ್ಚಿಯಲ್ಲಿ ತಾವೇ ದಯಮಾಡಿಸಿ. ಎದುರಿಗೆ ಮನುಷ್ಯನಿದ್ದರೆ ನಿಲ್ಲಬೇಕೆಂಬಷ್ಟು ಬುದ್ಧಿ ತಮಗಾದರೂ ಇದೆ.

ತಮ್ಮ ವಿಶ್ವಾಸಿ,
ಬ್ಯೂಲಾ ಹಿಂಗ್ಲೆ
ಆಸನ ವಿಭಾಗ, ಸದ್ಯಕ್ಕೆ ರಸ್ತೆ

ತಾ.ಕ.: ನಾಳೆ ಬೆಳಿಗ್ಗೆ ಏಳಕ್ಕೆ, ತಾವು ಇಳಿದು ಬರುವ ಹೊತ್ತಿಗೆ, ನಾವು ಅರವತ್ತೂ ಮಂದಿ, ನೋವಾನನ್ನು ನಡುವೆ ನಿಲ್ಲಿಸಿಕೊಂಡು, ಆ ಇಳಿಜಾರಿನಲ್ಲಿ ತಮಗೆ ಬೆನ್ನು ಹಾಕಿ ನಿಲ್ಲಲಿದ್ದೇವೆ. ಬ್ರೇಕು ನಾವು ಜೋಡಿಸಿದ್ದು, ನಂಬುತ್ತೇವೆ. ತುಳಿಯುವ ಕಾಲು ಮಾತ್ರ ಪೆಂಬರ್ಟನ್ನನದು. ಅದಕ್ಕೇ ಪತ್ರಿಕೆಯವರನ್ನೂ ಕರೆದಿದ್ದೇವೆ.