ಎಣಿಸಬಾರದ ರೊಟ್ಟಿ

ಮನುಷ್ಯನಿಗೆ ಯಾವುದಕ್ಕೂ ಒಂದು ಮಿತಿ ಇರಬೇಕು ಅನ್ನುತ್ತಾರೆ. ಆ ಮಿತಿಯನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಮೀಕ್ಷೆಯಲ್ಲಿ ಕೇಳಿದ ಒಂದೊಂದು ಸಂಗತಿಗೂ ಕಂಪ್ಯೂಟರಿನಲ್ಲಿ ಒಂದು ಕಾಲಂ ಇರುತ್ತದೆ. ಅದಕ್ಕೆ ನಾವು ಚಲಕ ಎನ್ನುತ್ತೇವೆ. ಅದರ ಹೆಸರೇನು, ಅಂಕಿಯೋ ಅಕ್ಷರವೋ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಪಟ್ಟಿ ಮಾಡುವುದೇ ನನ್ನ ಉದ್ಯೋಗ. ಮದುವೆಗೆ ಮುಂಚೆ ಇದನ್ನೆಲ್ಲ ಸವಿಸ್ತಾರವಾಗಿ ವಿವರಿಸಿದಾಗ ನಮ್ಮತ್ತೆ, "ಅಂದ್ರ ಕುಂತು ಮಾಡೂ ಕೆಲಸ. ಛಲೋ ಆತು ತಗೋ" ಎಂದು ಒಪ್ಪಿಕೊಂಡಿದ್ದರು.

ಈ ಸಲದ ಸಮೀಕ್ಷೆ ಊಟದ್ದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನ ಮನೆಮನೆಗೆ ಹೋಗಿ ನಮ್ಮ ಆಫೀಸಿನ ಹುಡುಗಿಯರು ಕೇಳಿಕೊಂಡು ಬಂದಿದ್ದರು. ಹಾಲು, ಎಣ್ಣೆ, ಬೆಲ್ಲ ಎಲ್ಲಕ್ಕೂ ಉತ್ತರ ಸಿಕ್ಕಿತ್ತು. ಒಬ್ಬರು ಒಂದು ಊಟಕ್ಕೆ ಎಷ್ಟು ರೊಟ್ಟಿ ತಿನ್ನುತ್ತಾರೆ ಎಂಬ ಕಾಲಂ ಮಾತ್ರ ಖಾಲಿ. ಉಣ್ಣುವವರ ರೊಟ್ಟಿ ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬುದು ನಮ್ಮ ಸೀಮೆಯ ತೊಟ್ಟಿಲ ಕೂಸಿಗೂ ಗೊತ್ತು. ತಡಸದ ಅಜ್ಜಿಯೊಬ್ಬಳು, "ಹೊಟ್ಟಿ ತುಂಬೂವಷ್ಟು ಅಂತ ಬರಕೊಂಡು ಮುಂದಿನ ಮನೀಗೆ ನಡಿ" ಎಂದು ಸಾಗಹಾಕಿದ್ದಳಂತೆ. ಹೊಟ್ಟೆ ತುಂಬುವಷ್ಟು ಎಂಬುದಕ್ಕೆ ಗರಿಷ್ಠ ಮಿತಿ ಎಲ್ಲಿಂದ ತರಲಿ?

ಹೊರಗೇಕೆ ಹುಡುಕಬೇಕು, ಮನೆಯಲ್ಲೇ ದಷ್ಟಪುಷ್ಟ ಗಂಡ ಇದ್ದಾರಲ್ಲ ಎಂದುಕೊಂಡೆ. ರವಿವಾರ ಅವರು ಎಣ್ಣೆಗಾಯಿಗೆ ಕೈ ಹಚ್ಚಿದಾಗ ಎದುರಿಗೆ ಕೂತು ಬೆರಳು ಮಡಚತೊಡಗಿದೆ. ಮೂರನೆಯ ಬೆರಳಿಗೆ ಅತ್ತೆಯ ಕಣ್ಣು ಬಿತ್ತು.

"ಏನವಾ, ಕಟ್ಟಿಕೊಂಡ ಗಂಡನ ರೊಟ್ಟಿ ಎಣಸಾಕತ್ತೀಯಲ್ಲ! ಈ ಮನ್ಯಾಗ ಹಿಟ್ಟಿಗೆ ಬರ ಬಂದೈತೇನು?"

"ಇಲ್ರಿ ಅತ್ತೀ, ಆಫೀಸಿನ ಕೆಲಸಕ್ಕ..."

"ನನ್ನ ಮಗಾ ಉಣ್ಣೂದು ಆಫೀಸಿನವರಿಗೆ ಯಾಕ ಬೇಕು?"

ರೊಟ್ಟಿ ಎಣಿಸುವ ಸೊಸೆ ಎಂಬ ಹೆಸರು ಒಮ್ಮೆ ಅಂಟಿತೋ, ಅದನ್ನು ತೊಳೆಯುವ ಸಾಬೂನು ಸವಣೂರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಷ್ಟರಲ್ಲಿ ನಮ್ಮ ಪುಣ್ಯಾತ್ಮರಿಗೆ ಬಿಕ್ಕಳಿಕೆ ಬರಬೇಕೇ! ಅತ್ತೆ ಉಪ್ಪು, ಮೆಣಸಿನಕಾಯಿ ತಂದು ಮಗನಿಗೆ ನಿವಾಳಿಸಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ನಾನು ಊಟಕ್ಕೆ ಕೂತೆ. ಎರಡಕ್ಕೇ ಎದ್ದೆ.

"ಕುಂದ್ರು," ಎಂದರು ಅತ್ತೆ. "ದಿನಾ ಐದು ತಿನ್ನಾಕಿ ಎರಡಕ್ಕ ಎದ್ರ ಹೆಂಗ? ನನ್ನ ಮ್ಯಾಲಿನ ಸಿಟ್ಟು ಹೊಟ್ಟಿ ಮ್ಯಾಲ ಯಾಕ?"

"ಅಯ್ಯ, ನೀವೂ ಎಣಸ್ತೀರೇನ್ರಿ ಅತ್ತೀ!"

"ಎಣಸೂದ್ಯಾಕ? ರೊಟ್ಟಿ ಬಡಿಯಾಕಿ ನಾನು, ಗೊತ್ತಿರೂದಿಲ್ಲೇನು? ಅಂವಂದು ಮೂರು, ನಿಂದು ಐದು." ಹೇಳಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನನ್ನ ತಾಟಿಗೆ ಬಿಸಿ ರೊಟ್ಟಿ ಬಿತ್ತು, ಮೇಲೆ ಬೆಣ್ಣೆ ಬಿತ್ತು. ಉಳಿದ ಮೆಣಸಿನಕಾಯಿಯಲ್ಲಿ ನನಗೂ ದೃಷ್ಟಿ ತೆಗೆದರು. ಅಷ್ಟು ಖುಷಿಯಾಗಿ ನಾನು ಎಂದೂ ಉಂಡಿರಲಿಲ್ಲ.

ಉಂಡಮೇಲೆ ಹೊಳೆಯಿತು: ದಷ್ಟಪುಷ್ಟ ಗಂಡ ಮೂರಕ್ಕೇ ನಿಂತಿದ್ದರು, ಗರಿಷ್ಠ ಮಿತಿ ನಾನೇ! ಐದು ಎಂದು ಬರೆದರೆ ನಾಲ್ಕು ತಾಲೂಕಿನ ತುತ್ತತುದಿಯಲ್ಲಿ ನಾನೊಬ್ಬಳೇ ನಿಲ್ಲಬೇಕು. ಸೋಮವಾರ ಧೈರ್ಯವಾಗಿ ಎಂಟು ಎಂದು ಬರೆದೆ.

ಸಾಹೇಬರು ಪಟ್ಟಿ ನೋಡಿ ಹುಬ್ಬೇರಿಸಿದರು. "ಎಂಟು ರೊಟ್ಟಿ ಯಾರು ತಿಂತಾರ್ರಿ ಮೇಡಂ?"

"ಉಣ್ಣಾವರ ರೊಟ್ಟಿ ಎಣಸಬಾರದ್ರಿ ಸರ್," ಎಂದೆ ಗಂಭೀರವಾಗಿ, "ದೃಷ್ಟಿ ಆಕ್ಕೈತಿ."