ಲಂಡನ್ ಉತರೇಗಾ ಕ್ಯಾ?

ದಡದ ಮೇಲೆ ನಿಂತೇ ಈಜು ಕಲಿತು, ಬೇರೆಯವರಿಗೂ ಕಲಿಸಿ, ಶಿಷ್ಯರೆಲ್ಲ ಆಚೆ ದಡ ಮುಟ್ಟಿದ ಮೇಲೂ ತಮ್ಮ ಪಂಚೆಯ ಅಂಚು ಒದ್ದೆಯಾಗದಂತೆ ನೋಡಿಕೊಂಡವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಮೂರು ವರ್ಷ ಅವರ ಮನೆಯಲ್ಲೇ ಊಟ ಮಾಡಿಕೊಂಡಿದ್ದೇನೆ. ಅವರು ನಮ್ಮ ದೊಡ್ಡಪ್ಪ!

ದೊಡ್ಡಪ್ಪನ ಮನೆ ಆಂಟಾಪ್ ಹಿಲ್ಲಿನಲ್ಲಿ. ನನಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿದಾಗ ಅಲ್ಲಿಗೇ ಬಂದು ಸೇರಿಕೊಂಡಿದ್ದೆ. ಮೈಸೂರು, ಬೆಂಗಳೂರು ಕಡೆಯಿಂದ ಯಾರೇ ಪರದೇಶಕ್ಕೆ ಹೊರಟರೂ ಆಗೆಲ್ಲ ವಿಮಾನ ಹತ್ತಲು ಬೊಂಬಾಯಿಗೇ ಬರಬೇಕು. ಹಾಗಾಗಿ ನಮ್ಮ ನೆಂಟರು, ನೆಂಟರ ನೆಂಟರು, ನೆಂಟರ ಮನೆಯ ಪಕ್ಕದ ಮನೆಯವರು, ಎಲ್ಲರೂ ಹಿಂದಿನ ದಿನ ಟ್ರಂಕು ಹೊತ್ತು ಬಂದು ನಮ್ಮ ಎರಡು ಕೋಣೆಯಲ್ಲಿ ಉರುಳಿಕೊಳ್ಳುತ್ತಿದ್ದರು. ಅವರನ್ನು ಟ್ಯಾಕ್ಸಿಯಲ್ಲಿ ಸಹಾರ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದು, ಗಾಜಿನಾಚೆ ಅವರ ಬೆನ್ನು ಕಾಣುವ ತನಕ ಕೈ ಬೀಸಿ ಬರುವುದು ದೊಡ್ಡಪ್ಪನ ಕೆಲಸ. ಹೋದವರು ವಾಪಸು ಬಂದಾಗ ಕಾಫಿ ಕೊಡುವ ಮೊದಲು ವಿಚಾರಣೆ.

"ಕೂತಾಗ ಮೊಣಕಾಲು ಮುಂದಿನ ಸೀಟಿಗೆ ತಾಗ್ತಿತ್ತಾ?"

"ತಾಗ್ತಿತ್ತು ಸಾರ್."

"ಎರಡೂನಾ? ಒಂದೇನಾ?"

ಪಾಪ, ಇಡೀ ಲಂಡನ್ ನೋಡಿ ಬಂದವನು ತನ್ನ ಮೊಣಕಾಲನ್ನು ನೆನಪಿಸಿಕೊಳ್ಳುತ್ತ ಕೂರಬೇಕು! ಹೀಗೆ ಕೇಳಿ ಕೇಳಿ ದೊಡ್ಡಪ್ಪ ಎಕಾನಮಿ ಕ್ಲಾಸನ್ನು ಅರೆದು ಕುಡಿದಿದ್ದರು. ಬೂಟು ಬಿಚ್ಚಬೇಡ, ಕಾಲು ಊದಿಕೊಂಡರೆ ಮತ್ತೆ ಒಳಗೆ ಹೋಗುವುದಿಲ್ಲ. ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮಿಂಟು. ಸೀಟು ಹಿಂದಕ್ಕೆ ಒರಗಿಸುವ ಮೊದಲು ಹಿಂದೆ ಕೂತವರ ಮುಖ ನೋಡು. ನನಗೆ ಡೈರಿ ಬರೆಯುವ ಚಟ. ನಲ್ಲಿ ನೀರು ಬಾರದ ದಿನಗಳನ್ನೂ ತಾರೀಖು ಹಾಕಿ ತಿಂಗಳ ಕೊನೆಗೆ ಕೂಡಿಸುವವಳು ನಾನು. ದೊಡ್ಡಪ್ಪನ ಎಚ್ಚರಿಕೆಗಳಿಗೂ ಒಂದು ಪುಟ ಇಟ್ಟಿದ್ದೆ. ಎಚ್ಚರಿಕೆಗಳು ಅರವತ್ತು ದಾಟಿದ ಮೇಲೆ ಆ ಲೆಕ್ಕವನ್ನು ಕೈಬಿಟ್ಟೆ.

ಇಷ್ಟೆಲ್ಲ ಬಲ್ಲವರು ಒಮ್ಮೆಯಾದರೂ ಹೋಗಿ ಬರಬಾರದಿತ್ತೇ? ಕರೆಯುವವರಿಲ್ಲ ಎಂದಲ್ಲ. ಲಂಡನ್ನಿನಲ್ಲಿ ಅವರ ಸ್ವಂತ ಅಕ್ಕ, ಅಂದರೆ ನನ್ನ ಸೋದರತ್ತೆ, ಅಂಚೆ ಕಚೇರಿಯೊಂದರಲ್ಲಿ ಕೆಲಸ ಮಾಡಿಕೊಂಡು ಇದ್ದರು. "ಬಾರೋ, ಬಾರೋ" ಎಂದು ಪ್ರತಿ ವರ್ಷ ಕರೆಯುತ್ತಿದ್ದರು. ದೊಡ್ಡಪ್ಪ ಒಂದು ವರ್ಷ ರಜೆ ಇಲ್ಲ ಎನ್ನುವರು, ಇನ್ನೊಂದು ವರ್ಷ ಅಲ್ಲಿ ಚಳಿ ಎನ್ನುವರು.

"ಚಳೀನೂ ಇಲ್ಲ, ರಜೇನೂ ಇಲ್ಲ. ಭಯ!" ಎನ್ನುತ್ತಿದ್ದರು ದೊಡ್ಡಮ್ಮ.

"ಯಾರಿಗೇ ಭಯ? ದಿನಾ ವಿಕ್ರೋಳಿಗೆ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡ್ಕೊಂಡು ಡ್ಯೂಟಿಗೆ ಹೋಗೋನು ನಾನು!"

"ಲೋಕಲ್ಲಿಂದ ಬಿದ್ರೆ ನೆಲ ಹತ್ರಾನೇ ಇರತ್ತಲ್ಲ, ಅದಕ್ಕೆ ಧೈರ್ಯ!"

ಹೀಗೇ ದಿನ ಸಾಗುತ್ತಿದ್ದಾಗ ಒಂದು ಭಾನುವಾರ ಕೆಳಗಿನ ಮನೆಯವರ ಫೋನಿಗೆ ಲಂಡನ್ನಿನಿಂದ ಕರೆ ಬಂತು. ಅತ್ತೆಗೆ ಹೃದಯದ ಆಪರೇಷನ್ ಆಗಬೇಕು, ದಿನ ಗೊತ್ತಾಗಿದೆ, ಮುಂದಿನ ತಿಂಗಳು ಒಂದು ಗುರುವಾರ ಬೆಳಿಗ್ಗೆ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಾಯಿಯಿಲ್ಲದ ಮನೆಯಲ್ಲಿ ದೊಡ್ಡಪ್ಪನಿಗೂ ನಮ್ಮಪ್ಪನಿಗೂ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳಿಸಿದವರು ಆಕೆ. ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲವಂತೆ. "ಒಳಗೆ ಹೋಗೋಕೆ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕು ಕಣೋ. ಆಮೇಲೆ ಏನಾದ್ರೂ ಆಗ್ಲಿ," ಎಂದರಂತೆ. ಮೆಟ್ಟಿಲು ಹತ್ತಿ ಬಂದ ದೊಡ್ಡಪ್ಪ ಅದನ್ನು ಹೇಳಿ, ನೀರು ಕುಡಿದು, ಮತ್ತೆ ನೀರು ಕುಡಿದರು.

ಅತ್ತೆ ಎರಡು ಟಿಕೆಟ್ಟಿಗೆ ಏರ್ಪಾಡು ಮಾಡಿದ್ದರು. ಆಪರೇಷನ್ ಆದ ಮೇಲೆ ಅಡಿಗೆಗೆ, ಓಡಾಟಕ್ಕೆ ನಾನು. ಧೈರ್ಯಕ್ಕೆ ದೊಡ್ಡಪ್ಪ! ವೀಸಾ ಸಿಗಲಿ ಎಂದು ಅವರು ಮಾಟುಂಗಾದ ದೇವಸ್ಥಾನದಲ್ಲಿ ತೆಂಗಿನಕಾಯಿ ಒಡೆದರು. ಸಿಕ್ಕಿದ ದಿನ ಊಟ ಬಿಟ್ಟರು. ಸಿಗುವಾಗಲೂ ತಡವಾಗಿಯೇ ಸಿಕ್ಕಿತು. ಕೊನೆಗೆ ದೊರೆತದ್ದು ಬುಧವಾರ ಬೆಳಗಿನ ವಿಮಾನ. ನಡುವೆ ಗಲ್ಫಿನಲ್ಲಿ ಒಂದು ಕಡೆ ನಿಂತು, ಬುಧವಾರ ಸಂಜೆಗೆ ಲಂಡನ್. ಮಾರನೆಯ ಬೆಳಿಗ್ಗೆ ಆಪರೇಷನ್. ತಡವಾದರೆ ಮುಗಿಯಿತು!

ಆಮೇಲೆ ಶುರುವಾಯಿತು ನೋಡಿ ತಾಲೀಮು. ಕಬ್ಬಿಣದ ಬೀರುವಿಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಎರಡು ಕುರ್ಚಿ ತುರುಕಿ ದೊಡ್ಡಪ್ಪ ಎಕಾನಮಿ ಕ್ಲಾಸು ಕಟ್ಟಿದರು. ಆಫೀಸಿನಿಂದ ಬಂದ ಮೇಲೆ ನಾವಿಬ್ಬರೂ ಮೊಣಕಾಲನ್ನು ಬೀರುವಿಗೆ ಒತ್ತಿಕೊಂಡು ಅದರೊಳಗೆ ಕೂರಬೇಕು. ತಟ್ಟೆ ಬಂದಾಗ ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ತಿನ್ನಬೇಕು. "ರೆಕ್ಕೆ ಮಡಚು ಪುಟ್ಟಿ, ರೆಕ್ಕೆ ಮಡಚು!" ದೊಡ್ಡಮ್ಮ ಏರ್‌ಹೋಸ್ಟೆಸ್.

"ಹಾಗೆ ತಂದು ಕುಕ್ಕಬಾರದು ಕಣೇ. ವೆಜ್ಜಾ, ನಾನ್‌ವೆಜ್ಜಾ ಅಂತ ನಗ್ತಾ ಕೇಳ್ಬೇಕು."

"ಉಪ್ಪಿಟ್ಟಿದೆ. ತಿಂದ್ರೆ ತಿನ್ನಿ, ಇಲ್ದಿದ್ರೆ ಇಲ್ಲೇ ಇಳ್ಕೊಳ್ಳಿ!"

ಬುಧವಾರ ಬಂದೇಬಂತು. ಇಷ್ಟು ವರ್ಷ ಗಾಜಿನ ಈಚೆ ನಿಂತವರು ಆಚೆ ಹೋಗಬೇಕು. ಒಳಗೆ ಹೋದ ಮೇಲೆ ಅಭ್ಯಾಸಬಲದಿಂದ ತಿರುಗಿ ದೊಡ್ಡಮ್ಮನಿಗೆ ಎಚ್ಚರಿಕೆ ಹೇಳತೊಡಗಿದರು. "ಬೂಟು ಬಿಚ್ಚಬೇಡ..." ದೊಡ್ಡಮ್ಮನ ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲಿ! ಗಾಜಿನಾಚೆಯಿಂದ ಅವರಿಗೆ ಏನೂ ಕೇಳಿಸಲಿಲ್ಲ. ಕೇಳಿಸಿದವರಂತೆ ತಲೆಯಾಡಿಸಿದರು.

ಮೂವರ ಸಾಲಿನಲ್ಲಿ ಕಿಟಕಿಗೆ ನಾನು, ನಡುವೆ ದೊಡ್ಡಪ್ಪ, ಆ ಬದಿಗೆ ಬಿಳಿ ಸೀರೆಯ ದಪ್ಪನೆಯ ಗುಜರಾತಿ ಹೆಂಗಸು, ಅವರ ಭಾಷೆಯಲ್ಲಿ ಬೆನ್, ಅಂದರೆ ಅಕ್ಕ. ದೊಡ್ಡಪ್ಪ ಸಿಗರೇಟು ಸೇದದವರ ವಿಭಾಗವನ್ನೇ ಕೇಳಿ ಪಡೆದಿದ್ದರು. ಆದರೆ ಅದರ ಕಟ್ಟಕಡೆಯ ಸಾಲು ನಮ್ಮದು. ನಮ್ಮ ಬೆನ್ನಿನ ಹಿಂದೆಯೇ ಸೇದುವವರ ಸಾಮ್ರಾಜ್ಯ! ಇಲ್ಲಿಂದ ಮುಂದೆ ಬರಬಾರದು ಎಂದು ಹೊಗೆಗೆ ತಿಳಿಹೇಳುವವರು ಯಾರು? ವಿಮಾನ ನೆಲ ಬಿಟ್ಟಾಗ ದೊಡ್ಡಪ್ಪ ಕಣ್ಣು ಮುಚ್ಚಿ ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಹಳ ಹೊತ್ತಿನ ಮೇಲೆ ಬೆನ್ ಮೆಲ್ಲಗೆ ಹೇಳಿದರು, "ಭಾಯ್, ಅಬ್ ಮೇರಾ ಹಾಥ್ ಛೋಡೋ. ಊಪರ್ ಆ ಗಯೇ." ದೊಡ್ಡಪ್ಪ ಹಿಡಿದದ್ದು ಅವರ ಕೈಯನ್ನು!

ಊಟ ಬಂತು. ನಮ್ಮ ತಾಲೀಮು ಎಷ್ಟು ಪಕ್ಕಾ ಆಗಿತ್ತೆಂದರೆ ನಾವಿಬ್ಬರೂ ಮೊಣಕೈ ಅಲುಗಿಸದೆ, ಮಣಿಕಟ್ಟಿನಿಂದಲೇ ಅನ್ನ ಕೆದಕಿ ಬಾಯಿಗೆ ಸೇರಿಸುತ್ತಿದ್ದೆವು. ಬೆನ್ ಕನಿಕರದಿಂದ ನೋಡಿ, "ದೋನೋ ಕೋ ಹೈ ಕ್ಯಾ ಯೇ ತಕಲೀಫ್?" ಎಂದರು. ಮನೆತನದ ಕಾಯಿಲೆ ಎಂದುಕೊಂಡಿರಬೇಕು!

ಊಟವಾದ ಮೇಲೆ ಬೆನ್ನರ ನಾದಿನಿ ಹಿಂದಿನ ಸಾಲುಗಳಿಂದ ಎದ್ದು ಬಂದು ನಮ್ಮ ಪಕ್ಕ ನಿಂತರು. ಆಕೆಗೂ ವಯಸ್ಸಾಗಿತ್ತು, ಕಾಲು ಊದಿತ್ತು, ಹೊಗೆಗೆ ತಲೆ ಸುತ್ತುತ್ತಿದೆ ಎಂದರು. ಬೊಂಬಾಯಿ ಲೋಕಲ್ಲಿನಲ್ಲಿ ಒಂದು ಧರ್ಮವಿದೆ. ಮೂವರ ಬೆಂಚಿನ ಪಕ್ಕ ಯಾರಾದರೂ ಬಂದು ನಿಂತರೆ, ಕೂತ ಮೂವರೂ ಒಂಚೂರು ಸರಿದು, ನಾಲ್ಕನೆಯವರ ಅರ್ಧ ಭಾಗಕ್ಕಾದರೂ ಆಸರೆ ಕೊಡಬೇಕು. ಅದಕ್ಕೆ ಫೋರ್ತ್ ಸೀಟ್ ಎಂದು ಹೆಸರು. ದೊಡ್ಡಪ್ಪ ವಿಕ್ರೋಳಿಯ ದಾರಿಯಲ್ಲಿ ವಡಾಳಾದಿಂದ ಕುರ್ಲಾದವರೆಗೆ ಎಷ್ಟೋ ವರ್ಷ ಆ ಧರ್ಮ ಪಾಲಿಸಿದವರು. ಸೀಟುಗಳ ನಡುವಿನ ಕೈಗಳನ್ನು ಮೇಲಕ್ಕೆತ್ತಿ, ನನ್ನನ್ನು ಕಿಟಕಿಗೆ ಒತ್ತಿ, "ಸರಕೋ ಬೆನ್, ಸರಕೋ. ಬೈಠಿಯೇ ಮಾತಾಜಿ, ಫೋರ್ತ್ ಸೀಟ್!" ಎಂದುಬಿಟ್ಟರು. ಆಕೆ ಕೂತೂಬಿಟ್ಟರು!

ಏರ್‌ಹೋಸ್ಟೆಸ್ ಓಡಿ ಬಂದಳು. "ಸರ್, ಯೇ ಕ್ಯಾ ಹೈ? ಒಬ್ಬರಿಗೆ ಒಂದೇ ಸೀಟ್, ಒಂದೇ ಬೆಲ್ಟ್" ಎಂದು ಹಿಂದಿಯಲ್ಲಿ ಹೇಳಿದಳು.

ದೊಡ್ಡಪ್ಪ ತಮ್ಮ ಬೆಲ್ಟನ್ನು ಇದ್ದಷ್ಟೂ ಉದ್ದಕ್ಕೆ ಎಳೆದು ತೋರಿಸಿದರು. "ದೇಖಿಯೇ ಮೇಡಂ, ದೋ ಕೇ ಲಿಯೇ ಬಹುತ್ ಹೈ!"

ಆ ಹುಡುಗಿ ನಗು ತಡೆಯಲು ಮುಖ ತಿರುಗಿಸಿಕೊಂಡಳು. ಆಮೇಲೆ ಮುಂದೆಲ್ಲೋ ಹೊಗೆಯಿಲ್ಲದ ಕಡೆ ಖಾಲಿ ಸೀಟು ಹುಡುಕಿ ನಾದಿನಿಯನ್ನು ಕೂರಿಸಿ ಬಂದಳು.

ಗಲ್ಫಿನಲ್ಲಿ ವಿಮಾನ ಇಳಿಯಿತು. ಇಳಿದದ್ದು ಏಳಲೇ ಇಲ್ಲ. ಏನೋ ತಪಾಸಣೆ, ಒಳಗೇ ಕೂತಿರಿ ಎಂದರು. ಹೊರಗೆ ಬಿಸಿಲಿನಲ್ಲಿ ಯಾರೋ ಒಬ್ಬ ಏಣಿ ತಂದ, ಏಣಿ ತೆಗೆದುಕೊಂಡು ಹೋದ, ಮತ್ತೆ ತಂದ. ದೊಡ್ಡಪ್ಪನ ಮಾತು ಏರತೊಡಗಿತು.

"ಇದು ಸ್ಲೋ ಗಾಡಿ ಕಣೇ! ಫಾಸ್ಟ್ ಇರ್ಲಿಲ್ವಾ? ಟಿಕೆಟ್ ತಗೊಳ್ಳೋವಾಗ ಸರಿಯಾಗಿ ನೋಡ್ಬಾರ್ದಿತ್ತಾ ನೀನು?"

"ವಿಮಾನದಲ್ಲಿ ಸ್ಲೋ, ಫಾಸ್ಟ್ ಇರಲ್ಲ ದೊಡ್ಡಪ್ಪ."

"ಇಲ್ದೆ ಏನು? ನಿಂತಿದೆಯಲ್ಲ, ನೋಡು! ಆಸ್ಪತ್ರೇಲಿ ಸಂಜೆ ಬಾಗಿಲು ಹಾಕಿಬಿಟ್ರೆ? ಬೆಳಿಗ್ಗೆ ನಾವು ಹೋಗೋಷ್ಟ್ರಲ್ಲಿ ಒಳಗೆ ಕರ್ಕೊಂಡ್ ಹೋಗಿಬಿಟ್ರೆ? ಅವಳು ಬಾಗಿಲ ಕಡೇನೇ ನೋಡ್ತಾ ಇರ್ತಾಳೆ ಕಣೇ."

ಗಡಿಯಾರ ನೋಡಿಕೊಂಡೆ, ಅದು ಇನ್ನೂ ಬೊಂಬಾಯಿಯಲ್ಲೇ ಇತ್ತು. ಬೆನ್ ತಮ್ಮ ಡಬ್ಬಿಯಿಂದ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿ ತೆಗೆದು ನಮ್ಮಿಬ್ಬರ ಕೈಗೂ ಹಾಕಿ, "ಖಾಓ. ಭೂಖೇ ಪೇಟ್ ಡರ್ ಜ್ಯಾದಾ ಲಗ್ತಾ ಹೈ," ಎಂದರು. ಹಸಿದ ಹೊಟ್ಟೆಗೆ ಭಯ ಹೆಚ್ಚಂತೆ. ದೊಡ್ಡಪ್ಪ ತಿಂದರು. ಮೊಣಕೈ ಮಡಚುವುದನ್ನೂ ಮರೆತಿದ್ದರು.

ಕೊನೆಗೂ ವಿಮಾನ ಎದ್ದಿತು. ಪರದೆಯ ಮೇಲೆ ಸಿನಿಮಾ ಬಂತು, ಹೋಯಿತು. ಸುತ್ತಲಿನವರೆಲ್ಲ ಕತ್ತು ಒಂದೊಂದು ದಿಕ್ಕಿಗೆ ಮುರಿದುಕೊಂಡು ನಿದ್ದೆ ಹೋದರು. ದೊಡ್ಡಪ್ಪ ರೆಪ್ಪೆ ಮುಚ್ಚಲಿಲ್ಲ. ನಿದ್ದೆ ಮಾಡಿದರೆ ಸ್ಟೇಷನ್ ಹೋಗಿಬಿಡುತ್ತದಲ್ಲ! ನನಗೆ ಮಾತ್ರ ಜೋಂಪು ಹತ್ತಿತ್ತು. ಎಚ್ಚರಾದಾಗ ನೋಡುತ್ತೇನೆ, ಪಕ್ಕದ ಸೀಟು ಖಾಲಿ!

ಲೋಕಲ್ಲಿನಲ್ಲಿ ದಾದರಿಗೆ ಇಳಿಯುವವನು ದಾದರಿನಲ್ಲಿ ಎದ್ದರೆ ಕೆಟ್ಟ. ಎರಡು ಸ್ಟೇಷನ್ ಮುಂಚೆಯೇ ಎದ್ದು ಬಾಗಿಲ ಬಳಿ ಸಾಲು ಹಿಡಿಯಬೇಕು. ಮುಂದೆ ನಿಂತವನ ಭುಜ ತಟ್ಟಿ, ನೀನೂ ಇಲ್ಲೇ ಇಳಿಯುವವನೋ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಅವನು ಇಳಿಯುವುದಿಲ್ಲ ಎಂದರೆ ಅವನನ್ನು ದಾಟಿ ಮುಂದಕ್ಕೆ ಹೋಗಬೇಕು. ದೊಡ್ಡಪ್ಪ ಕೋಟು ಹಾಕಿ, ಚೀಲವನ್ನು ಎದೆಗೆ ಅವಚಿಕೊಂಡು, ಬಾಗಿಲ ಬಳಿಯ ಸಾಲೊಂದರಲ್ಲಿ ನಿಂತಿದ್ದರು. ಅವರ ಮುಂದೆ ಆರಡಿ ಎತ್ತರದ ಒಬ್ಬ ಬಿಳಿಯ. ದೊಡ್ಡಪ್ಪ ಅವನ ಬೆನ್ನು ತಟ್ಟಿ ಕೇಳುತ್ತಿದ್ದರು:

"ಲಂಡನ್ ಉತರೇಗಾ ಕ್ಯಾ?"

ಆ ಸಾಲು ಇದ್ದದ್ದು ಶೌಚಾಲಯಕ್ಕೆ!

ಲಂಡನ್ನಿಗೆ ಇನ್ನೂ ಎರಡು ಗಂಟೆಯಿತ್ತು. ಅದೇ ಏರ್‌ಹೋಸ್ಟೆಸ್ ಬಂದು, "ಸರ್, ಎಲ್ಲರೂ ಅಲ್ಲೇ ಇಳೀತಾರೆ. ಎಲ್ಲರೂ ಇಳಿಯೋ ತನಕ ಬಾಗಿಲು ತೆಗೆದೇ ಇರತ್ತೆ" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿ ಕರೆತಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದರು. ಮತ್ತೆ ಕರೆತಂದಳು. ಮೂರನೆಯ ಸಲ ನಾನೇ ಹೋಗಿ ಕೈ ಹಿಡಿದೆ. ಬೈಯಬೇಕೆಂದೇ ಹೋಗಿದ್ದೆ. ಆ ಕೈ ಐಸಿನಂತೆ ತಣ್ಣಗಿತ್ತು.

ನಾವು ತಲುಪುವ ಹೊತ್ತಿಗೆ ದೊಡ್ಡಪ್ಪ ಹೆದರಿದ್ದಂತೆಯೇ ಆಸ್ಪತ್ರೆಯ ಭೇಟಿಯ ವೇಳೆ ಮುಗಿದಿತ್ತು. ಬೆಳಿಗ್ಗೆ ಬೇಗ ಬನ್ನಿ, ಕರೆದೊಯ್ಯುವ ಮೊದಲು ಐದು ನಿಮಿಷ ಬಿಡುತ್ತೇವೆ ಎಂದರು. ಅತ್ತೆಯ ಮನೆಯ ಕೀಲಿ ಪಕ್ಕದ ಮನೆಯವರ ಬಳಿ ಇತ್ತು. ರಾತ್ರಿ ಹೇಗೆ ಕಳೆಯಿತೋ, ಬೆಳಿಗ್ಗೆ ವಾರ್ಡಿನ ಬಾಗಿಲು ತೆರೆಯುವಾಗ ಮೊದಲು ನಿಂತಿದ್ದವರು ನಾವೇ.

ಅತ್ತೆ ಆಸ್ಪತ್ರೆಯ ನಿಲುವಂಗಿಯಲ್ಲಿ ಮಂಚದ ಮೇಲೆ ಕೂತಿದ್ದರು. ಇಷ್ಟು ಚಿಕ್ಕವರಾಗಿದ್ದರೇ ಇವರು? ಅವರ ಮುಂದೆ ನರ್ಸ್ ಒಬ್ಬಳು ಸಣ್ಣ ಕತ್ತರಿಯಂಥ ಉಪಕರಣ ಹಿಡಿದು ನಿಂತಿದ್ದಳು. ಅತ್ತೆಯ ಬಲಗೈಯಲ್ಲಿ ಮದುವೆಯ ಕಾಲದ ಒಂದೇ ಒಂದು ಚಿನ್ನದ ಬಳೆ. ಒಳಗೆ ಹೋಗುವಾಗ ಮೈಮೇಲೆ ಲೋಹವಿರಬಾರದು. ಬಳೆ ಹೊರಬರುತ್ತಿಲ್ಲ, ಕತ್ತರಿಸಬೇಕು. ಅತ್ತೆ ಬೇಡ ಎನ್ನುತ್ತಿರಲಿಲ್ಲ. ಸುಮ್ಮನೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ದೊಡ್ಡಪ್ಪ "ಅಕ್ಕಾ" ಎಂದರು. ಅಷ್ಟೇ. ಬೂಟು, ಹತ್ತಿ, ಪೆಪ್ಪರ್‌ಮಿಂಟು, ಏನೂ ಇಲ್ಲ. ಬೇಸಿನ್ನಿನಿಂದ ಸೋಪು ತಂದು, ಅಕ್ಕನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ನೊರೆ ಮಾಡಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಬಳೆಗಾರನ ಹಾಗೆ ಮೆಲ್ಲಮೆಲ್ಲಗೆ ಒತ್ತುತ್ತ ಬಂದರು. ನರ್ಸ್ ಗಡಿಯಾರ ನೋಡಿದಳು. ಬಳೆ ಗೆಣ್ಣಿನ ಮೇಲೆ ಒಂದು ಕ್ಷಣ ನಿಂತು, ಜಾರಿ ಹೊರಗೆ ಬಂತು. ಜೇಬಿನಲ್ಲಿಟ್ಟರೆ ಕಳೆದೀತೆಂದು ದೊಡ್ಡಪ್ಪ ಆ ನೊರೆಗೈಯಲ್ಲೇ ಅದನ್ನು ತಾವೇ ತೊಟ್ಟುಕೊಂಡರು.

"ಚೆನ್ನಾಗಿ ಕಾಣತ್ತೆ ಕಣೋ," ಎಂದರು ಅತ್ತೆ. ಅವರನ್ನು ಕರೆದೊಯ್ದರು.

ಆ ದಿನವೆಲ್ಲ ಕೋಟಿನ ತೋಳಿನಡಿ ಚಿನ್ನದ ಬಳೆ ತೊಟ್ಟು ದೊಡ್ಡಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಹೋಗಿಬರುವವರು ನೋಡಿದರು. ನೋಡಲಿ! ಅವರು ಯಾರಿಗೂ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ನನ್ನ ಡೈರಿಯಲ್ಲಿ ಆ ಗುರುವಾರದ ಪುಟ ಖಾಲಿಯಾಗಿಯೇ ಇದೆ.

ಶುಕ್ರವಾರ ನಮ್ಮನ್ನು ಒಳಗೆ ಬಿಟ್ಟರು. ಅತ್ತೆ ಕಣ್ಣು ಬಿಟ್ಟರು. ಯಾರನ್ನೂ ಗುರುತಿಸುವ ಮೊದಲು ಅವರ ಎಡಗೈ ತನ್ನಷ್ಟಕ್ಕೆ ಬಲಗೈಯ ಮಣಿಕಟ್ಟನ್ನು ತಡಕಾಡಿತು. ದೊಡ್ಡಪ್ಪ ಥಟ್ಟನೆ ತಮ್ಮ ಕೈ ಮುಂದೆ ಚಾಚಿದರು.

"ಇಲ್ಲೇ ಇದೆ ಅಕ್ಕ. ಎಲ್ಲೂ ಹೋಗಿಲ್ಲ. ಸೋಪಲ್ಲಿ ಒಳಗೆ ಹೋಯ್ತು... ಈಗ ಬರ್ತಾ ಇಲ್ಲ. ನಿನ್ನೆಯಿಂದ ಎಳೀತಾನೇ ಇದ್ದೀನಿ."

ಅತ್ತೆ ಊದಿದ ಆ ಗೆಣ್ಣನ್ನು ನೋಡಿದರು. ತಮ್ಮನ ಮುಖ ನೋಡಿದರು.

"ಹೋಗೋ... ಸೋಪ್ ತಗೊಂಡ್ ಬಾ."

ದೊಡ್ಡಪ್ಪ ಏಳಲು ಹೋದರು. ಆದರೆ ಅತ್ತೆಯ ಬೆರಳುಗಳು ಬಳೆಯನ್ನು ಹಿಡಿದುಕೊಂಡುಬಿಟ್ಟಿದ್ದವು. ಅದರೊಳಗೆ ದೊಡ್ಡಪ್ಪನ ಕೈ ಇತ್ತು. ಅವರು ಮತ್ತೆ ಕೂತರು.